ಬಲೂನು ಕೋವಿಯ ಪರವಾಗಿ

ಪೊಳಲಿ ಜಾತ್ರೆಗೆ ಹೋಗಿ ಕಲ್ಲಂಗಡಿ ಹೊತ್ತುಕೊಳ್ಳದೆ ಬರಿಗೈಯಲ್ಲಿ ಬಂದವರನ್ನು ಕಂಡಿದ್ದೇನೆ. ಬಲೂನಿಗೆ ಗುಂಡು ಹೊಡೆಯದೆ ಬಂದ ಹುಡುಗರನ್ನು ಕಂಡದ್ದು ಕಡಿಮೆ. ಮೀನ ಸಂಕ್ರಮಣಕ್ಕೆ ಸುರುವಾಗಿ ಸುಮಾರು ಒಂದು ತಿಂಗಳು ನಡೆಯುವ ಜಾತ್ರೆ ಅದು. ತುಳುವಿನಲ್ಲಿ ನಾವು ‘ಪುರಲ್ದ ಚೆಂಡ್’ ಎನ್ನುತ್ತೇವೆ. ರಾಜರಾಜೇಶ್ವರಿಯ ಗದ್ದೆಯಲ್ಲಿ ಊರವರು ಚರ್ಮದ ಚೆಂಡಿಗಾಗಿ ಹೊರಳಾಡುವಾಗ, ಸಂತೆಯ ಕೊನೆಯ ಸಾಲಿನಲ್ಲಿ ಹಲಗೆಗೆ ಬಲೂನು ಕಟ್ಟಿದವನ ಮುಂದೆ ಇನ್ನೊಂದು ಆಟ ನಡೆಯುತ್ತಿರುತ್ತದೆ. ಮೇಜಿನ ಮೇಲೆ ಹಿಡಿ ಸವೆದ ಎರಡು ಏರ್‌ಗನ್. ಅಂಗಡಿಯವನು ನಳಿಗೆಯನ್ನು ತೊಡೆಗೆ ಒತ್ತಿ ಕೆಳಕ್ಕೆ ಮಡಚುತ್ತಾನೆ, ಒಳಗೆ ಸ್ಪ್ರಿಂಗು ಟಕ್ಕೆಂದು ಕೂರುತ್ತದೆ. ಕಾಣಿಸಿದ ತೂತಿಗೆ ಹೆಬ್ಬೆರಳಿನಿಂದ ಒಂದು ಸೀಸದ ಗುಂಡು ತುರುಕಿ, ನಳಿಗೆ ನೆಟ್ಟಗೆ ಮಾಡಿ ನಿಮ್ಮ ಕೈಗೆ ಕೊಡುತ್ತಾನೆ. ಆ ಗುಂಡನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಗೊತ್ತು: ನಡು ಸಣ್ಣ, ಎರಡು ತುದಿ ಅಗಲ, ಪುಟ್ಟ ಬುಡುಬುಡಿಕೆಯ ಹಾಗೆ.

ಒಂದು ವರ್ಷದ ಚೆಂಡಿಗೆ ಬಂದಿದ್ದ ನನ್ನ ತಂಗಿಯ ಮಗ, ಹತ್ತರಲ್ಲಿ ಮೂರು ಬಲೂನು ಒಡೆದು ಏಳನ್ನು ಬಿಟ್ಟ. ಬಿಟ್ಟದ್ದಕ್ಕೆ ಕೋವಿಯನ್ನು ಬೈದ. ಆಮೇಲೆ ಕಬ್ಬಿನ ಹಾಲು ಕುಡಿಯುತ್ತ ಹೇಳಿದ: “ಮಾವ, ಇದೆಲ್ಲ ಮಕ್ಕಳ ಆಟ. ನಾನೊಂದು ಸರಿಯಾದ ರೈಫಲ್ಲೇ ತೆಗೆದುಕೊಳ್ಳುವಾಂತ ಇದ್ದೇನೆ. ಬರೀ ಖುಷಿಗೆ. ಪಾಯಿಂಟ್ ಟೂಟೂ ಸಾಕಾ, ತ್ರೀ ಫಿಫ್ಟೀನ್ ಬೇಕಾ?” ಅವತ್ತು ನಕ್ಕು ಸುಮ್ಮನಾದೆ. ಉತ್ತರ ಈಗ ಬರೆಯುತ್ತಿದ್ದೇನೆ. ಖುಷಿಗೆ ಗುಂಡು ಹೊಡೆಯುವವನಿಗೆ ಸರಿಯಾದ ಕ್ಯಾಲಿಬರ್, ಅವನು ಮಕ್ಕಳ ಆಟ ಎಂದು ಕೆಳಗಿಟ್ಟು ಬಂದ ಆ ಕೋವಿಯದ್ದೇ.

ಕೋವಿ ಎಂದರೆ ಕನ್ನಡದಲ್ಲಿ ಮೂಲತಃ ಕೊಳವೆ. ಆಯುಧದ ಹೆಸರೇ ನಳಿಗೆಯ ಹೆಸರು. ಆ ಕೊಳವೆಯ ಒಳಗಲ ಎಷ್ಟು ಎಂಬ ಲೆಕ್ಕವೇ ಕ್ಯಾಲಿಬರ್. ಪಾಯಿಂಟ್ ಟೂಟೂ ಎಂದರೆ ಒಂದಂಗುಲದ ನೂರು ಪಾಲಿನಲ್ಲಿ ಇಪ್ಪತ್ತೆರಡು, 5.6 ಮಿಲಿಮೀಟರ್. ಬಲೂನು ಕೋವಿ 0.177, ಅಂದರೆ 4.5 ಮಿಲಿಮೀಟರ್. ನಮ್ಮ ತೋಟದ ಮನೆಗಳ ಹನ್ನೆರಡು ಬೋರಿನ ಕೋವಿಯ ಲೆಕ್ಕ ಬೇರೆ: ಒಂದು ಪೌಂಡು ಸೀಸದಿಂದ ಸಮಾನ ತೂಕದ ಹನ್ನೆರಡು ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ನಳಿಗೆ. ಹಾಗಾಗಿ ಅಲ್ಲಿ ಅಂಕಿ ಚಿಕ್ಕದಾದಷ್ಟು ತೂತು ದೊಡ್ಡದು. ಅದರ ಒಳಮೈ ನುಣುಪು. ರೈಫಲಿನ ಒಳಗೆ ಸುರುಳಿ ಗೆರೆ ಕೊರೆದಿರುತ್ತದೆ, ಗುಂಡು ಬುಗುರಿಯಂತೆ ತಿರುಗುತ್ತ ಹೋಗುತ್ತದೆ, ತಿರುಗುವುದರಿಂದಲೇ ನೆಟ್ಟಗೆ ಹೋಗುತ್ತದೆ. ನಾವು ಎರಡನ್ನೂ ಕೋವಿ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದ ಅರ್ಧ ಗೊಂದಲ.

ಉಳಿದರ್ಧ ಗೊಂದಲ ಓದಿನಿಂದ ಬಂದದ್ದು, ಅದರಲ್ಲಿ ನನ್ನ ಪಾಲೂ ಇದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ತನ್ನ 0.405 ವಿಂಚೆಸ್ಟರ್ ಹಿಡಿದು ನರಭಕ್ಷಕಗಳ ಹಿಂದೆ ಹೋದದ್ದನ್ನು ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಓದಿ ಬೆಳೆದ ತಲೆಮಾರು ನಮ್ಮದು. ಹುಲಿ ಹೇಗಿರುತ್ತದೆ ಎಂದು ಗೊತ್ತಾಗುವ ಮೊದಲೇ ಹುಲಿಗೆ ಯಾವ ರೈಫಲು ಎಂದು ಹೇಳಬಲ್ಲವರಾಗಿದ್ದೆವು. ಆದರೆ ಆಂಡರ್ಸನ್ ಎದುರಿಗಿದ್ದದ್ದು ನರಭಕ್ಷಕ. ನನ್ನ ಅಳಿಯನ ಎದುರಿಗಿರುವುದು ಕಾಗದ. ಕಾಗದಕ್ಕೆ ತೂತು ಮಾಡಲು ಬೇಕಾದ ಶಕ್ತಿ ಎಷ್ಟೆಂದು ಯಾರೂ ಕೇಳಿಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ಈ ದೇಶದಲ್ಲಿ ದೊಡ್ಡ ಕ್ಯಾಲಿಬರುಗಳ ಪಟ್ಟಿ ಗುರಿಯ ಶಾಸ್ತ್ರದಿಂದ ಹುಟ್ಟಿದ್ದಲ್ಲ, ಸರಕಾರದ ಭಯದಿಂದ ಹುಟ್ಟಿದ್ದು. ಸುಮಾರು 1907ರ ಹೊತ್ತಿಗೆ ಬ್ರಿಟಿಷರು ಭಾರತ ಮತ್ತು ಸೂಡಾನಿಗೆ 0.450 ಬೋರಿನ ತೋಟೆ ಬರುವುದನ್ನೇ ನಿಲ್ಲಿಸಿದರು. ಹಳೆಯ ಮಾರ್ಟಿನಿ–ಹೆನ್ರಿ ರೈಫಲುಗಳು ಜನರ ಕೈಯಲ್ಲಿದ್ದವು, ತೋಟೆ ದಂಗೆಕೋರರ ಪಾಲಾದೀತು ಎಂಬ ಹೆದರಿಕೆ. ಲಂಡನ್ನಿನ ಕೋವಿ ಕಂಪೆನಿಗಳು ಸುಮ್ಮನಿರುತ್ತವೆಯೇ? 0.470 ಎಂದೂ 0.475 ಎಂದೂ ಹೊಸ ಅಳತೆ ಹೊಸೆದು ಅದೇ ಆನೆಗೆ ಅದೇ ಪೆಟ್ಟು ಮಾರಿದವು. ಸೇನೆಯ 0.303 ಜನಸಾಮಾನ್ಯರಿಗೆ ಸಿಗದೆ ಹೋದದ್ದರಿಂದ ಅದರ ಜಾಗಕ್ಕೆ ಆಸ್ಟ್ರಿಯಾ ಸೇನೆಯ ಹಳೆಯ ತೋಟೆಯೊಂದು 0.315 ಎಂಬ ಹೆಸರಿನಲ್ಲಿ ಬಂತು. ಸ್ವಾತಂತ್ರ್ಯದ ಮೇಲೂ ಬಂಗಾಳದ ಇಚ್ಛಾಪುರದ ಸರಕಾರಿ ಕಾರ್ಖಾನೆ ಅದನ್ನೇ ತಯಾರಿಸುತ್ತ ಬಂತು. ಇಂದಿಗೂ 0.303 ನಿಷಿದ್ಧ ಬೋರ್, 0.30-06 (ಥರ್ಟಿ ಆಟ್ ಸಿಕ್ಸ್) ನಿಷಿದ್ಧವಲ್ಲ. ಶಕ್ತಿ ಲೆಕ್ಕ ಹಾಕಿದರೆ ಎರಡನೆಯದೇ ಜಾಸ್ತಿ! ಸೇನೆ ಯಾವುದನ್ನು ಬಳಸುವುದಿಲ್ಲವೋ ಅದು ನಮಗೆ ಸಿಗುತ್ತದೆ, ಅಷ್ಟೇ. ಹೀಗೆ ಬಂದ ಅಂಕಿಗಳನ್ನು ಹಿಡಿದು ‘ಸರಿಯಾದ ರೈಫಲು’ ಎನ್ನುವುದು, ರೇಷನ್ ಅಂಗಡಿಯಲ್ಲಿ ಸಿಕ್ಕಿದ ಅಕ್ಕಿಯನ್ನೇ ಊರಿನ ಉತ್ತಮ ತಳಿ ಎಂದ ಹಾಗೆ.

ನನ್ನ ವಾದದ ನಿಜವಾದ ಆಧಾರ ಭುಜದಲ್ಲಿದೆ.

ಕಾಲೇಜಿನ ಎನ್‌ಸಿಸಿಯಲ್ಲಿ ನಾನು ಮೊದಲು ಹೊಡೆದದ್ದು ಪಾಯಿಂಟ್ ಟೂಟೂ. ನೆಲದ ಮೇಲೆ ಬೋರಲು ಮಲಗಿ ಐದು ಗುಂಡು. ಐದೂ ಎಲ್ಲಿ ಬಿದ್ದವು ಎನ್ನುವುದಕ್ಕಿಂತ ಐದೂ ಒಂದೇ ಕಡೆ ಬಿದ್ದವೇ ಎಂದು ಹವಾಲ್ದಾರರು ನೋಡುತ್ತಿದ್ದರು. ಗ್ರೂಪಿಂಗ್ ಎನ್ನುತ್ತಿದ್ದರು ಅದಕ್ಕೆ. ನನ್ನ ಐದು ತೂತುಗಳನ್ನು ಒಂದು ಬೆಂಕಿಪೆಟ್ಟಿಗೆಯಿಂದ ಮುಚ್ಚಬಹುದಿತ್ತು, ಆ ಕಾಗದವನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಮರುವರ್ಷ ಕೊಡಗಿನ ಗೆಳೆಯನ ಮನೆಗೆ ಕೈಲ್ ಮುಹೂರ್ತಕ್ಕೆ ಹೋದೆ. ಸೆಪ್ಟೆಂಬರ್ 3ರ ಆ ಹಬ್ಬದ ಹೊತ್ತಿಗೆ ಅಲ್ಲಿ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹನ್ನೆರಡು ಬೋರಿನ ತೋಟಾ ಕೋವಿ ಕೊಟ್ಟರು. ಹೊಡೆದೆ, ಕಾಯಿ ಅಲ್ಲಾಡಲಿಲ್ಲ. ಇನ್ನೆರಡು ಈಡಿಗೆ ಭುಜ ನೀಲಿಗಟ್ಟಿತು. ಕೋವಿ ಸರಿಯಿಲ್ಲ ಎಂದೆ.

ಗೆಳೆಯನ ದೊಡ್ಡಪ್ಪ ಮಾತಾಡದೆ ಕೋವಿ ಇಸಿದುಕೊಂಡು ಹಿಂದೆ ತಿರುಗಿ ತೋಟೆ ಹಾಕಿದಂತೆ ಮಾಡಿ ಮತ್ತೆ ಕೈಗೆ ಕೊಟ್ಟರು. ಗುರಿ ಹಿಡಿದೆ, ಟ್ರಿಗರ್ ಎಳೆದೆ. ಬರೀ ‘ಟಿಕ್’. ಹಾಕಿದ್ದು ಹಾರಿ ಮುಗಿದ ಖಾಲಿ ತೋಟೆ. ಆದರೆ ಆ ಟಿಕ್ಕಿನ ಹೊತ್ತಿಗೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಸಿದಿತ್ತು, ನನ್ನ ಕಣ್ಣು ಮುಚ್ಚಿತ್ತು, ಭುಜ ಮುಂದಕ್ಕೆ ನೂಕಿತ್ತು. ಸುತ್ತ ನಿಂತವರೆಲ್ಲ ನೋಡಿದರು. ಒದೆ ಬರುತ್ತದೆ ಎಂದು ಮೈ ಮೊದಲೇ ಹೆದರಿ, ಗುಂಡು ಹೊರಡುವ ಮುಂಚೆ ನಾನೇ ಗುರಿ ಕೆಡಿಸುತ್ತಿದ್ದೆ. ಸದ್ದೂ ಹೊಗೆಯೂ ಇದ್ದಾಗ ಈ ತಪ್ಪು ಕಾಣುತ್ತಿರಲಿಲ್ಲ. ತಪ್ಪಿದ ಮೇಲೆ ಕೋವಿಯನ್ನು ಬೈಯುವುದು ಸುಲಭವಿತ್ತು.

ದೊಡ್ಡ ಕ್ಯಾಲಿಬರಿನ ಮೇಲೆ ನನ್ನ ಮೊದಲ ಆಕ್ಷೇಪ ಇದೇ. ಅದು ಹೊಡೆಯುವವನ ತಪ್ಪನ್ನು ಅವನಿಂದಲೇ ಮುಚ್ಚಿಡುತ್ತದೆ. ಖುಷಿಗೆ ಹೊಡೆಯುವುದೆಂದರೆ ಏನು? ಸದ್ದು ಕೇಳುವ ಖುಷಿಯಾದರೆ ಪುತ್ತೂರು ಜಾತ್ರೆಯ ಬೆಡಿ ಇದೆ, ಹೋಗಿ ಕೇಳಬಹುದು. ತುಳುವಿನಲ್ಲಿ ಕೋವಿಗೂ ಬೆಡಿ, ಪಟಾಕಿಗೂ ಬೆಡಿ. ಆ ಭಾಷೆಗೆ ವ್ಯತ್ಯಾಸ ಬೇಕೆನಿಸಿಲ್ಲ. ನನಗೆ ಗೊತ್ತಿರುವ ಗುರಿಯ ಖುಷಿ ಬೇರೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳು ಮಾತ್ರ ಚಲಿಸಿ, ಎಲ್ಲಿ ಬೀಳುತ್ತದೆಂದು ಅಂದುಕೊಂಡೆನೋ ಅಲ್ಲೇ ಬಿತ್ತು ಎಂದು ಕಾಣುವುದು. ಬೀಳದಿದ್ದರೆ ಯಾಕೆ ಬೀಳಲಿಲ್ಲ ಎಂದು ಗೊತ್ತಾಗುವುದು. ಆ ಎರಡನೆಯದಕ್ಕೆ ಮೆತ್ತಗಿನ ಕೋವಿ ಬೇಕು. ಏರ್‌ರೈಫಲಿನ ಗುಂಡು ಅರ್ಧ ಗ್ರಾಂ. ವೇಗ ಕಡಿಮೆಯಾದ್ದರಿಂದ ನಳಿಗೆಯೊಳಗೆ ಅದು ಕಳೆಯುವ ಕ್ಷಣ ಹೆಚ್ಚು, ಆ ಕ್ಷಣದಲ್ಲಿ ಕೈ ಅಲುಗಿದರೆ ಕಾಗದದ ಮೇಲೆ ಬರೆದಿಟ್ಟಂತೆ ಬೀಳುತ್ತದೆ. ಅದರ ಮುಂದೆ ನೆಪ ನಡೆಯುವುದಿಲ್ಲ.

ಬಲೂನಿನ ಅಂಗಡಿಯ ಕೋವಿಯೇ ಡೊಂಕು ಎಂದು ಅಳಿಯ ಹೇಳಿದ್ದು ಸುಳ್ಳಲ್ಲ. ನಳಿಗೆಯ ತುದಿಯ ಮೊಳೆ ಬಾಗಿರುತ್ತದೆ. ಆದರೆ ಡೊಂಕು ಕೋವಿ ಪ್ರತಿ ಸಲ ಒಂದೇ ಕಡೆಗೆ ಡೊಂಕು. ಅಂಗಡಿಯವನೇ ಹೇಳಿದ್ದ: “ಎಡಕ್ಕೆ ಹಿಡೀರಿ ಅಣ್ಣಾ, ಬಲಕ್ಕೆ ಎಳೀತೈತಿ.” ಪಕ್ಕದಲ್ಲಿ ನಿಂತ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೊದಲ ಗುಂಡು ಹಲಗೆಯಲ್ಲಿ ಎಲ್ಲಿ ತಾಗಿತು ಎಂದು ನೋಡಿ, ಅಷ್ಟೇ ದೂರ ಆಚೆ ಹಿಡಿದು ಉಳಿದ ಒಂಬತ್ತರಲ್ಲಿ ಎಂಟು ಒಡೆದಳು. ಅವಳದ್ದೂ ಅದೇ ಕೋವಿ.

ಎರಡನೆಯ ಆಕ್ಷೇಪ ನೆಲದ್ದು. ಇದನ್ನು ಬಯಲುಸೀಮೆಯವರಿಗೆ ವಿವರಿಸಬೇಕು, ನಮ್ಮವರಿಗೆ ನೆನಪಿಸಿದರೆ ಸಾಕು. ಪಾಯಿಂಟ್ ಟೂಟೂ ಚಿಕ್ಕದು ಎನ್ನುತ್ತೇವೆ. ಅದರ ಗುಂಡು 2.6 ಗ್ರಾಂ, ಹೊರಡುವ ವೇಗ ಸೆಕೆಂಡಿಗೆ ಮುನ್ನೂರು ಮೀಟರಿಗೂ ಮೇಲೆ. ಎತ್ತರಿಸಿ ಹೊಡೆದರೆ ಎರಡು ಕಿಲೋಮೀಟರ್ ಹೋಗಬಲ್ಲದು. 0.30-06 ಆದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಈಗ ಪೊಳಲಿಯ ದೇವಸ್ಥಾನವನ್ನು ನಡುವೆ ಇಟ್ಟು ಅಷ್ಟಗಲದ ಒಂದು ವೃತ್ತ ಎಳೆಯಿರಿ. ಫಲ್ಗುಣಿ ನದಿ, ಅಡ್ಡೂರು, ಕರಿಯಂಗಳ, ಗದ್ದೆ, ಗುಡ್ಡೆ, ಶಾಲೆ, ಬಸ್ಸು, ತೋಟಕ್ಕೊಂದು ಮನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲೇ ಎಳೆದರೂ ಇದೇ. ನಮ್ಮಲ್ಲಿ ಊರೆಂಬುದು ಒಂದು ಕಡೆ ಗುಂಪಾಗಿ ಕೂತಿಲ್ಲ, ಎಲ್ಲ ಕಡೆ ಚೆಲ್ಲಿಕೊಂಡಿದೆ. ಅಡಿಕೆ ಮರಗಳ ಮರೆಯಲ್ಲಿ ಯಾರೂ ಕಾಣದಿದ್ದರೆ ಯಾರೂ ಇಲ್ಲವೆಂದಲ್ಲ. ಸೊಪ್ಪಿಗೆ ಹೋದವರು, ಪಂಪ್ ಹಾಕಲು ಬಂದವರು, ಹಾಳೆ ಹೆಕ್ಕುವವರು ಇದ್ದೇ ಇರುತ್ತಾರೆ.

ಹಳೆಯ ಕೆಂಪುಕಲ್ಲಿನ ಕೋರೆಯಲ್ಲಿ ಹೊಡೆಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ಮೂರು ಕಡೆ ಗೋಡೆ, ಯಾರ ಉಪದ್ರವೂ ಇಲ್ಲ. ಅದೇ ಅಪಾಯ. ಮುರಕಲ್ಲಿನ ಗಟ್ಟಿ ಗೋಡೆಗೆ ಓರೆಯಾಗಿ ತಾಗಿದ ಸೀಸ ಎತ್ತ ಸಿಡಿಯುತ್ತದೆಂದು ದೇವರಿಗೂ ಗೊತ್ತಿಲ್ಲ. ಹೊಳೆಗೆ ಹೊಡೆದರಂತೂ, ನಾವು ಚಿಕ್ಕಂದಿನಲ್ಲಿ ಚಪ್ಪಟೆ ಓಡು ಎಸೆದು ನೀರ ಮೇಲೆ ಕುಪ್ಪಳಿಸುತ್ತಿದ್ದೆವಲ್ಲ, ಹಾಗೆಯೇ ಟೂಟೂ ಗುಂಡು ನೀರಿಗೆ ತಾಗಿ ಎದ್ದು ಆಚೆ ದಡಕ್ಕೆ ಹೋಗುತ್ತದೆ. ಹೊಡೆದ ಗುಂಡಿಗೆ ನಿಲ್ಲುವ ಜಾಗ ತೋರಿಸಲಾಗದವನು ಆ ಗುಂಡು ಹೊಡೆಯಬಾರದು. ನಮ್ಮ ಕಡೆ ಮನೆಯ ಬಳಿ ಅಂಥ ಜಾಗ ತೋರಿಸಬಹುದಾದ ಒಂದೇ ಗುಂಡು ಆ ಬುಡುಬುಡಿಕೆಯದ್ದು. ಅದರ ಆಕಾರವೇ ಗಾಳಿಗೆ ತಡೆ. ಎಷ್ಟು ಎತ್ತರಿಸಿ ಹೊಡೆದರೂ ಕೆಲವು ನೂರು ಮೀಟರಿನೊಳಗೆ ಸುಸ್ತಾಗಿ ಬೀಳುತ್ತದೆ.

ಇಲ್ಲಿ ಅಜ್ಜಂದಿರ ಕೋವಿಗೂ ನ್ಯಾಯ ಸಲ್ಲಿಸಬೇಕು. ಹಂದಿ ಬಂತು, ಮಂಗ ಬಂತು ಎಂದು ಬೆಳೆ ರಕ್ಷಣೆಗಾಗಿ ಲೈಸೆನ್ಸ್ ಪಡೆದು ಇಟ್ಟುಕೊಂಡದ್ದು ಬಹುಪಾಲು ನುಣುಪು ನಳಿಗೆಯ ಕೋವಿ, ಕೇಪಿನದ್ದೋ ತೋಟೆಯದ್ದೋ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಸಾಲಿನಲ್ಲಿ ನಿಂತು ಬಿಡಿಸಿಕೊಂಡು ಬರುವುದು ಕೃಷಿಕನ ಕೆಲಸಗಳಲ್ಲೇ ಒಂದಾಗಿದೆ. ಅದರ ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನಲ್ಲಿ ಬಲ ಕಳೆದುಕೊಂಡು ಉದುರುತ್ತದೆ. ಹತ್ತಿರ ಹತ್ತಿರ ಮನೆಯಿರುವ ಸೀಮೆಗೆ ಅದು ರೈಫಲಿಗಿಂತ ಹೊಂದುವ ಆಯುಧ. ಯಾರೂ ಹಾಗೆ ಯೋಚಿಸಿ ಕೊಟ್ಟದ್ದಲ್ಲ, ಹೊಂದಿಕೊಂಡಿತು. ಆದರೆ ಅದು ದುಡಿಮೆಯ ಕೋವಿ. ಗದ್ದೆ ಉಳುವ ಟಿಲ್ಲರಿನಲ್ಲಿ ಯಾರೂ ಖುಷಿಗೆ ಸವಾರಿ ಹೋಗುವುದಿಲ್ಲ.

ಕೊಡಗಿನವರ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಲು ಅಳಿಯ ನೋಡಿಯಾನು. ಅಲ್ಲಿ ಕೋವಿಗೆ ಇರುವ ಜಾಗ ಬೇರೆಲ್ಲೂ ಇಲ್ಲ, ನಿಜ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ನಡೆದು ಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆದರೆ ಅವರ ತೆಂಗಿನಕಾಯಿ ಪಂದ್ಯಗಳನ್ನೇ ನೋಡಿ. ಅಲ್ಲಿನ ವಿಭಾಗಗಳು ಪಾಯಿಂಟ್ ಟೂಟೂ, ಹನ್ನೆರಡು ಬೋರು, ಮತ್ತು ಏರ್‌ಗನ್. ಏರ್‌ಗನ್ನಿಗೆ ಗುರಿ ತೆಂಗಿನಕಾಯಿಯಲ್ಲ, ಕೋಳಿಮೊಟ್ಟೆ. ಕೋವಿಯನ್ನು ಪೂಜೆಗೆ ಇಡುವ ಜನವೇ ಚಿಕ್ಕ ಕೋವಿಗೆ ಚಿಕ್ಕ ಗುರಿ ಕೊಟ್ಟು ಗೌರವಿಸಿದ್ದಾರೆ.

ಲೋಕದ ಲೆಕ್ಕವೂ ಹಾಗೆಯೇ. ದೊಡ್ಡ ರೈಫಲಿನ 300 ಮೀಟರ್ ಸ್ಪರ್ಧೆ 1972ರ ಮ್ಯೂನಿಕ್‌ ನಂತರ ಒಲಿಂಪಿಕ್ಸಿನಲ್ಲಿ ನಡೆದಿಲ್ಲ. ರೈಫಲಿನಲ್ಲಿ ಭಾರತಕ್ಕೆ ಈವರೆಗೆ ಬಂದ ಒಲಿಂಪಿಕ್ ಪದಕ ಮೂರು. 2008ರಲ್ಲಿ ಅಭಿನವ್ ಬಿಂದ್ರಾ ಅವರ ಚಿನ್ನ, 2012ರಲ್ಲಿ ಗಗನ್ ನಾರಂಗ್ ಅವರ ಕಂಚು, ಎರಡೂ 4.5 ಮಿಲಿಮೀಟರಿನ ಏರ್‌ರೈಫಲಿನಲ್ಲಿ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಅವರ ಕಂಚು ಪಾಯಿಂಟ್ ಟೂಟೂವಿನಲ್ಲಿ. ಏರ್‌ರೈಫಲಿನ ಸ್ಪರ್ಧೆಯಲ್ಲಿ ಹತ್ತು ಮೀಟರ್ ಆಚೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ಪೆನ್ನಿನ ತುದಿ ಒತ್ತಿದಷ್ಟು. ‘ಮಕ್ಕಳ ಆಟ’ ಎಂದವರು ಒಮ್ಮೆ ಪ್ರಯತ್ನಿಸಲಿ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರಿಗೆ ಮೀರದ, 20 ಜೂಲ್ ಶಕ್ತಿಗೆ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಗುರುತಿನ ದಾಖಲೆ ಕೊಟ್ಟು ಕೊಳ್ಳಬಹುದು. ಪಾಯಿಂಟ್ ಟೂಟೂ ಏರ್‌ಗನ್ ಎಂದ ಕೂಡಲೇ ಲೈಸೆನ್ಸ್ ಬೇಕು, ಅಂಗಡಿಯಲ್ಲಿ ಏನೇ ಹೇಳಲಿ. ಮದ್ದಿನ ರೈಫಲಿಗೆ ಅರ್ಜಿ, ಪೊಲೀಸ್ ವರದಿ, ತರಬೇತಿಯ ಪತ್ರ, ಕಾಯುವಿಕೆ. ಸಿಕ್ಕಿದ ಮೇಲೂ ವರ್ಷಕ್ಕೆ ಇಷ್ಟೇ ತೋಟೆ ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. 2019ರ ತಿದ್ದುಪಡಿಯ ಮೇಲೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಲ್ಲ. ತೋಟೆ ಎಣಿಸಿ ಎಣಿಸಿ ಹೊಡೆಯುವವನ ಗುರಿ ಸುಧಾರಿಸುವುದಾದರೂ ಯಾವಾಗ? ತ್ರೀ ಫಿಫ್ಟೀನ್ ಕೊಂಡ ಹಲವರ ಮನೆಗಳಲ್ಲಿ ಅದು ವರ್ಷಕ್ಕೆರಡು ಸಲ ಎಣ್ಣೆ ಹಚ್ಚಿಸಿಕೊಂಡು ಕಪಾಟಿಗೆ ಮರಳುವುದನ್ನು ನೋಡಿದ್ದೇನೆ. ಲೈಸೆನ್ಸ್ ಬೇಡ ಎಂದರೆ ಅಪಾಯವಿಲ್ಲ ಎಂದೂ ಅಲ್ಲ. ಏರ್‌ಗನ್ ಕಣ್ಣು ತೆಗೆಯುತ್ತದೆ. ಹಕ್ಕಿಯ ಮೇಲೆ ಪರೀಕ್ಷೆ ಮಾಡಿದರೆ ಅದು 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಬೇಟೆ. ಕಾಯ್ದೆ ಇಲ್ಲದಿದ್ದರೂ ಮಡಿವಾಳ ಹಕ್ಕಿಗೆ ಗುಂಡಿಡುವವನ ಜೊತೆ ನಾನು ಊಟಕ್ಕೆ ಕೂರುವುದಿಲ್ಲ.

ಪಾಯಿಂಟ್ ಟೂಟೂ ಬೇಡವೇ ಬೇಡ ಎನ್ನುತ್ತಿಲ್ಲ. ಕಟ್ಟಿದ ರೇಂಜು, ಮಣ್ಣಿನ ದಿಬ್ಬ, ನೋಡಿಕೊಳ್ಳುವವರು ಇರುವಲ್ಲಿ ಅದರಷ್ಟು ಹಿತವಾದ ರೈಫಲು ಇಲ್ಲ. ಬೆಂಗಳೂರಿನಲ್ಲಿರುವ ಅಳಿಯ ಅಲ್ಲಿನ ಕ್ಲಬ್ಬೊಂದಕ್ಕೆ ಸೇರಿ ಹೊಡೆಯಲಿ. ಆದರೆ ಎರಡು ವರ್ಷ ಏರ್‌ರೈಫಲು ಹಿಡಿದ ಮೇಲೆ. ತ್ರೀ ಫಿಫ್ಟೀನೂ ಥರ್ಟಿ ಆಟ್ ಸಿಕ್ಸೂ ಖುಷಿಗೆ ಬೇಡ. ಇದು ನನ್ನ ತೀರ್ಪು.

ಊರಿಗೆ ಬಂದಾಗ ಜಾಗ ಎಲ್ಲಿ ಎಂದು ಕೇಳಬೇಡ ಮಾರಾಯ. ಒಂಬತ್ತು ಅಡಿಗೊಂದರಂತೆ ನೆಟ್ಟ ನಮ್ಮ ತೋಟದಲ್ಲಿ ಹತ್ತು ಮೀಟರ್ ಎಂದರೆ ಅಡಿಕೆ ಮರಗಳ ನಡುವಿನ ನಾಲ್ಕು ಅಂತರಕ್ಕೂ ಕಡಿಮೆ. ಮನೆಯ ಹಿಂದೆ ಆಳೆತ್ತರದ ಮಣ್ಣಿನ ಬರೆ ಇದೆ, ಅದರಾಚೆ ಗುಡ್ಡೆ. ಬರೆಗೆ ತಾಗಿಸಿ ಒಂದು ಮರದ ಪೆಟ್ಟಿಗೆ ಇಡು. ಒಳಗೆ ಹಳೆಯ ಗೋಣಿ, ಹರಿದ ಲುಂಗಿ ಒತ್ತಿ ತುಂಬಿಸು, ಮುಂದೆ ಕಾಗದ ಅಂಟಿಸು. ಮಕ್ಕಳು ಹಿಂದೆಯೇ ಇರಲಿ, ನಾಯಿಯನ್ನು ಕಟ್ಟಿ ಹಾಕು, ಕನ್ನಡಕ ಹಾಕಿಕೋ. ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆ, ಸೀಸ ಹೊಟ್ಟೆಗೆ ಹೋಗಬಾರದು. ವಾರಕ್ಕೆ ನಲವತ್ತು ಗುಂಡಿನ ಹಾಗೆ ಹೊಡೆದರೆ ವರ್ಷಕ್ಕೆ ಎರಡು ಸಾವಿರವಾಯಿತು. ಮುಂದಿನ ಚೆಂಡಿನ ಹೊತ್ತಿಗೆ ಪೆಟ್ಟಿಗೆ ಬಿಚ್ಚಿ ಹೆಕ್ಕಿ ತೂಗಿ ನೋಡು: ಒಂದು ಕಿಲೋ ಸೀಸ ಇರಬೇಕು. ಕಡಿಮೆ ಬಂದರೆ, ಉಳಿದದ್ದು ಎಲ್ಲಿಗೆ ಹೋಯಿತೆಂದು ಬರೆಯಲ್ಲಿ ಹುಡುಕು.